ಟೈಗರ್ ಮಾತ್ ಬಂದ ಮಧ್ಯಾಹ್ನ

ಕ್ಯಾಮೆರಾ ಚೀಲದ ಹಳೆಯ ಚರ್ಮದ ವಾಸನೆ ಮೂಗಿಗೆ ತಾಕಿದರೆ ಈಗಲೂ ನನಗೆ ಯಲಹಂಕದ ಆ ಬಿಸಿಲು ನೆನಪಾಗುತ್ತದೆ.

ವಿಮಾನ ಪ್ರದರ್ಶನಕ್ಕೆಂದು ತಾತ, ಅಪ್ಪನ ತಂಗಿ ಸರೋಜತ್ತೆ ಮತ್ತು ನಾನು ಅತ್ತಿಗುಪ್ಪೆಯಿಂದ ಬೆಳಗ್ಗೆಯೇ ಬಸ್ಸು ಹತ್ತಿದ್ದೆವು. ಯುದ್ಧವಿಮಾನಗಳು ಎದೆ ನಡುಗುವಂತೆ ಮೊರೆದು ಹೋದವು. ಅತ್ತೆ ತನ್ನ ಕ್ಯಾಮೆರಾದಲ್ಲಿ ಅವುಗಳ ಫೋಟೊನೂ ತೆಗೆದಳು. ಆದರೆ ಅವಳು ಬಂದಿದ್ದೇ ಎರಡು ಜೊತೆ ರೆಕ್ಕೆಯ ಹಳೆಯ ವಿಮಾನ ಟೈಗರ್ ಮಾತ್‌ಗಾಗಿ. ರೀಲಿನಲ್ಲಿ ಕೊನೆಯ ಫೋಟೊ ಉಳಿದಾಗ ಲೆನ್ಸಿಗೆ ಮುಚ್ಚಳ ಹಾಕಿ ಕಾಯುತ್ತ ನಿಂತಳು.

"ಕ್ಯಾಮೆರಾ ಇಲ್ಲಿ ಕೊಡು ಸರೋಜ," ಅಂದರು ತಾತ. "ಗಂಡಿನ ಕಡೆಯೋರು ಫೋಟೊ ಕೇಳಿದಾರೆ. ಒಳ್ಳೆ ಸೀರೆ ಉಟ್ಟಿದೀಯ."

"ಒಂದೇ ಉಳಿದಿರೋದು ಅಪ್ಪ. ಟೈಗರ್ ಮಾತ್ ಇನ್ನೇನು ಬರತ್ತೆ."

"ವಿಮಾನ ಮುಂದಿನ ಸಲಾನೂ ಹಾರತ್ತೆ ಕಣಮ್ಮ."

ಅತ್ತೆ ಕೊರಳಿನಿಂದ ಪಟ್ಟಿ ತೆಗೆದು ಕೊಟ್ಟಳು. ಬೆವರಿನಿಂದ ಅದು ಮೆತ್ತಗಾಗಿತ್ತು. ತಾತ ಕಣ್ಣು ಕಿರಿದು ಮಾಡಿ ಹೊಂದಿಸಿಕೊಳ್ಳುತ್ತಿದ್ದಾಗಲೇ ಹೊಲಿಗೆ ಯಂತ್ರದಂಥ ಸದ್ದು ಕೇಳಿಸಿತು. ಅತ್ತೆಯ ಗದ್ದ ತಾನಾಗಿ ಮೇಲೆದ್ದಿತು.

"ಮೇಲೆ ನೋಡ್ಬೇಡ. ಇಲ್ಲಿ ನೋಡು."

ಅವಳು ನೋಡಿದಳು. ವಿಮಾನ ಅವಳ ತಲೆಯ ಮೇಲೆಯೇ ಹಾದುಹೋಯಿತು.

ಫೋಟೊ ಗಂಡಿನ ಕಡೆಯವರಿಗೆ ಹಿಡಿಸಿತು. ಅತ್ತೆ ದಾವಣಗೆರೆ ಸೇರಿದಳು, ಕ್ಯಾಮೆರಾ ನಮ್ಮಲ್ಲೇ ಉಳಿಯಿತು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಬಸ್ಸಿನಲ್ಲಿ ತಾತ ತೂಕಡಿಸುವವರೆಗೂ ಕಾದ ಅತ್ತೆ ನನ್ನ ಕಡೆ ಬಾಗಿದಳು.

"ನೀನು ನೋಡ್ದೆ ಅಲ್ವೇನೇ? ಹೇಗಿತ್ತು, ಹೇಳು."