ಆ ಹೆಂಗಸಿನ ದನಿ ಮ್ಯೂಟ್ ಮಾಡಿ

"ಮೊದಲು ಆ ಹೆಂಗಸಿನ ಬಾಯಿ ಮುಚ್ಚಿಸಯ್ಯಾ!"

ಫೋನಿನಲ್ಲಿ ಕೇಬಲ್ ಮಾಲೀಕರು ಹೀಗೆ ಗದರಿದ್ದೇ ಸುದರ್ಶನ್ ಹೆಡ್‌ಫೋನನ್ನು ಕತ್ತಿಗೆ ಇಳಿಬಿಟ್ಟುಕೊಂಡು ಎದ್ದ. ಹೊಳೆನರಸೀಪುರದ ಮೈದಾನದಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್. ಒಂದು ಕಡೆ ದುದ್ದ, ಇನ್ನೊಂದು ಕಡೆ ಅರಕಲಗೂಡು. ಟೀವಿಯಲ್ಲಿ ನೇರ ಪ್ರಸಾರ, ಸೌಂಡಿನ ಹೊಣೆ ಸುದರ್ಶನನದು. ಅಂಕಣದ ಪಕ್ಕದ ಮೈಕಿಗೆ ಅಂಟಿಕೊಂಡಂತೆ ನಿಂತ ಒಬ್ಬ ಹೆಂಗಸು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು. ಬರೀ ಕಿರುಚಾಟವೇ ಕೇಳುತ್ತಿದೆ ಎಂದು ಊರೂರಿಂದ ದೂರು.

"ಅಮ್ಮಾ, ನಿಮ್ಮ ಗಲಾಟೇಲಿ ಜನಕ್ಕೆ ಆಟ ನೋಡೋಕಾಗ್ತಿಲ್ಲ. ಸ್ವಲ್ಪ ಆ ಕಡೆ ಹೋಗಿ."

"ಓಗಾಕಿಲ್ಲ ಸಾ," ಎಂದಳು ಪಾಪಮ್ಮ, ಸೆರಗು ಬಿಗಿದುಕೊಂಡು. "ಅಲ್ಲಿ ಆಡ್ತಾವಳಲ್ಲ ಏಳನೇ ನಂಬ್ರು, ಕೋಮಲಾ, ನನ್ ಮಗ್ಳು. ಅವ್ಳಪ್ಪಂಗೆ ನೆನ್ನೆ ಕಣ್ಣಿನ ಆಪರೇಸನ್ ಆಗಿ ಪಟ್ಟಿ ಕಟ್ಟವ್ರೆ. ಇನ್ನೊಂದ್ ಕಣ್ಣಲ್ಲಿ ಪೊರೆ. ದುದ್ದದಲ್ಲಿ ಟೀವಿ ಮುಂದೆ ಕಿವಿ ಕೊಟ್ಕಂಡು ಕುಂತವ್ರೆ. ನಾನ್ ಕೂಗ್ದೆ ಓದ್ರೆ ಮಗ್ಳಾಟ ಎಂಗ್ ಗೊತ್ತಾಯ್ತದೆ?"

"ಕಾಮೆಂಟ್ರಿ ಇದೆಯಲ್ಲಮ್ಮ."

"ಯಾವ್ದು? ಆರ ಆಕಿಸ್ಕಂಡೋರ್ ಎಸ್ರು ಓದ್ತಾವ್ರಲ್ಲ, ಅದಾ?"

ಸುದರ್ಶನ್ ಹೆಡ್‌ಫೋನು ಕಿವಿಗಿಟ್ಟುಕೊಂಡ. ಅಂಕಣದಲ್ಲಿ ಕೋಮಲಾ ಇಬ್ಬರನ್ನು ಔಟ್ ಮಾಡಿ ಬಂದಿದ್ದಳು. ಕಾಮೆಂಟ್ರಿ ಹೇಳಬೇಕಿದ್ದ ಗೌರೀಶಂಕರ ಮೇಷ್ಟ್ರು ಮಾತ್ರ ವೇದಿಕೆಗೆ ಈಗಷ್ಟೇ ಬಂದ ಗಣ್ಯರನ್ನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತಿದ್ದರು. ಅಯ್ಯೋ, ಈ ಪುಣ್ಯಾತ್ಮರ ಸ್ವಾಗತ ಮುಗಿಯುವುದೇ ಇಲ್ಲವಲ್ಲ! ಕೆಲಸಕ್ಕೆ ಕುತ್ತು ಬರುತ್ತದೆಂದು ಗೊತ್ತಿದ್ದರೂ ಅವನಿಗೆ ಮನಸ್ಸು ತಡೆಯಲಿಲ್ಲ. ಮೇಷ್ಟ್ರ ದನಿ ತಗ್ಗಿಸಿ, ಕೈಮೈಕೊಂದನ್ನು ಪಾಪಮ್ಮನಿಗೆ ಕೊಟ್ಟ.

"ಕಿರುಚಬೇಡಿ. ಯಜಮಾನ್ರ ಪಕ್ಕದಲ್ಲಿ ಕೂತು ಹೇಳ್ತೀರಲ್ಲ, ಹಾಗೆ ಹೇಳಿ ಸಾಕು."

ಪಾಪಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ಏನ್ರೀ, ಕೇಳುಸ್ತದಾ? ಅರಕಲಗೂಡಿನ ಉದ್ದುಕ್ಕಿರೋ ಉಡ್ಗಿ ಬತ್ತಾವ್ಳೆ. ನಮ್ ಕೋಮ್ಲಿ ಮೂಲೇಲವ್ಳೆ... ಕಾಲ್ ಇಡ್ದ್ಬುಟ್ಳು ಕಣ್ರೀ! ಬುಡ್ಲೇ ಇಲ್ಲ!"

ಮಾಲೀಕರ ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ಸುದರ್ಶನ್ ತೆಗೆಯಲಿಲ್ಲ.

ಕೊನೆಯ ಸರದಿ. ಎರಡೂ ತಂಡ ಸಮ. ಕೋಮಲಾ ಒಬ್ಬಳೇ ನುಗ್ಗಿ ಒಬ್ಬಳನ್ನು ಮುಟ್ಟಿದ್ದಳಷ್ಟೇ, ನಾಲ್ವರು ಅವಳ ಮೇಲೆ ಬಿದ್ದರು. ನಡುಗೆರೆ ಇನ್ನೂ ಒಂದು ಮಾರು ದೂರವಿತ್ತು. ಪಾಪಮ್ಮನ ಮಾತು ನಿಂತೇಹೋಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

ಅತ್ತ ದುದ್ದದಲ್ಲಿ ಆ ಮನುಷ್ಯನಿಗೆ ಈಗ ಏನೂ ಕೇಳಿಸುತ್ತಿಲ್ಲ ಎಂಬುದು ಸುದರ್ಶನನಿಗೆ ಥಟ್ಟನೆ ಹೊಳೆಯಿತು. ಮೈಕು ಕಿತ್ತುಕೊಂಡ.

"ಯಜಮಾನ್ರೇ! ತೆವಳ್ತಾವ್ಳೆ... ತೆವಳ್ತಾವ್ಳೆ... ಕೈ ಗೆರೆಗೆ ತಾಕ್ತು ಕಣ್ರೀ! ನಿಮ್ ಮಗಳು ಗೆದ್ಬುಟ್ಳು!"

ದನಿ ಮಿತಿಮೀರಿತೆಂದು ಅವನ ಸೌಂಡ್ ಮಿಕ್ಸರಿನ ಕೆಂಪು ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು.