ದಡ್ಡರ ನಿದ್ದೆ

ಮೂರು ತಿಂಗಳಿಂದ ರೆಪ್ಪೆ ಮುಚ್ಚದ ನಿವೃತ್ತ ಪ್ರಿನ್ಸಿಪಾಲರು, ತಮ್ಮ ಅರ್ಧ ವಯಸ್ಸಿನ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು.

“ಹಗಲು ಹೊಸದೇನಾದ್ರೂ ಕಲಿತ್ರೆ ರಾತ್ರಿ ಮಿದುಳು ಗಾಢವಾಗಿ ನಿದ್ದೆ ಮಾಡುತ್ತೆ, ಸರ್. ಈಚೆಗೆ ಏನಾದ್ರೂ ಕಲಿತ್ರಾ?”

“ನಾನಾ? ನಲವತ್ತು ವರ್ಷ ಊರಿಗೆಲ್ಲ ಕಲಿಸಿದೋನು ಕಣಯ್ಯಾ. ನನಗೆ ಕಲಿಯೋಕೆ ಇನ್ನೇನು ಉಳಿದಿದೆ?”

“ನಿಮ್ಮ ಮನೆಯವರ ನಿದ್ದೆ ಹೇಗಿದೆ?”

ಪ್ರಿನ್ಸಿಪಾಲರು ಮೂಗು ಮುರಿದರು. “ಅವಳಾ? ಈ ಮೂರು ತಿಂಗಳಿಂದ ದಿಂಬಿಗೆ ತಲೆ ಕೊಟ್ಟರೆ ಸಾಕು, ಗೊರಕೆ. ಸಾರಿಗೆ ಒಗ್ಗರಣೆ ಹಾಕೋದು ಬಿಟ್ಟು ಬೇರೇನೂ ಬರಲ್ಲ ಅವಳಿಗೆ. ತಲೇಲಿ ಏನೂ ಇಲ್ಲದೋರಿಗೆ ನಿದ್ದೆ ಬರುತ್ತೆ. ಇಷ್ಟೂ ಗೊತ್ತಿಲ್ವೇನಯ್ಯಾ ನಿನ್ನ ವಿಜ್ಞಾನಕ್ಕೆ?”

ಔಷಧಿ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಬಂದರು. ಆಟೋಗೆ ಕೈ ಎತ್ತುವಷ್ಟರಲ್ಲಿ ಮುಂದೆ ಒಂದು ಕಾರು ಬಂದು ನಿಂತಿತು. ಡ್ರೈವರ್ ಕೆಲಸ ಬಿಟ್ಟುಹೋದಂದಿನಿಂದ ಶೆಡ್ಡಿನಲ್ಲೇ ಧೂಳು ಹಿಡಿದು ಬಿದ್ದಿದೆಯೆಂದು ಅವರು ನಂಬಿದ್ದ ಅವರದೇ ಕಾರು. ಸ್ಟಿಯರಿಂಗ್ ಹಿಡಿದು ಕೂತಿದ್ದವಳು ಹೆಂಡತಿ.

ಬಿಟ್ಟ ಬಾಯಿ ಬಿಟ್ಟ ಹಾಗೇ ಅವರು ಮುಂದಿನ ಬಾಗಿಲಿಗೆ ಕೈ ಹಾಕಿದರು.

“ಹಿಂದೆ ಕೂತ್ಕೊಳ್ಳಿ,” ಎಂದಳು ಆಕೆ. “ಪಕ್ಕದಲ್ಲಿ ಕೂತ್ರೆ ಪಾಠ ಶುರು ಮಾಡ್ತೀರ.”