ಹೊಸ ಹುಡುಗಿಯ ಹುಬ್ಬು

ಹೊಸ ಹುಡುಗಿಯ ಹುಬ್ಬು ಮಿಸುಕಲೇ ಇಲ್ಲ. ನೀರು ತುಂಬಿದ ಎತ್ತರದ ಗಾಜಿನ ಜಾಡಿಯಿಂದ ಅವಳು ಒಂದು ಕೈಯಲ್ಲಿ ಕೊಳವೆಯನ್ನು ಇಷ್ಟಿಷ್ಟೇ ಮೇಲೆತ್ತುತ್ತಿದ್ದಳು. ಆಗಷ್ಟೇ ರಬ್ಬರಿಗೆ ಬಡಿದ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ಇನ್ನೊಂದು ಕೈಯಲ್ಲಿ ಕೊಳವೆಯ ಬಾಯಿಯ ಮೇಲೆ ಹಿಡಿದಿದ್ದಳು. ಒಳಗಿನ ಗಾಳಿಯ ಉದ್ದ ಸರಿಯಾಗಿ ಹೊಂದಿದ ಜಾಗದಲ್ಲಿ ಕವೆಯ ಸಣ್ಣ ಗುಂಯ್ ದನಿ ಇದ್ದಕ್ಕಿದ್ದಂತೆ ದೊಡ್ಡದಾಗಬೇಕು. ಪ್ರಯೋಗವೇ ಅದು. ಫಿಸಿಕ್ಸ್ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಆದರೆ ಅವರ ಕಣ್ಣು ಕೊಳವೆಯ ಮೇಲಿರಲಿಲ್ಲ, ಅವಳ ಹಣೆಯ ಮೇಲಿತ್ತು.

ಮೇಷ್ಟ್ರ ಗುಟ್ಟು ಇಷ್ಟೇ: ಅವರಿಗೆ ಆ ದನಿ ಕೇಳಿಸುತ್ತಿರಲಿಲ್ಲ. ಎದುರು ನಿಂತು ಮಾತಾಡಿದರೆ ಅರ್ಧ ಕಿವಿಗೆ ಬೀಳುತ್ತಿತ್ತು, ಉಳಿದರ್ಧವನ್ನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದರು. ಶ್ರುತಿಕವೆಗೆ ತುಟಿಯಿಲ್ಲವಲ್ಲ. ಅದರ ಮೇಲೆ ಕೆತ್ತಿದ ಕಂಪನದ ಅಂಕೆ ನೋಡಿ ಲೆಕ್ಕ ಹಾಕೋಣವೆಂದರೆ, ಹುಡುಗರು ಅಂಕೆಯಿಂದಲೇ ಉತ್ತರ ಕಟ್ಟಿಬಿಡುತ್ತಾರೆಂದು ಹಿಂದೊಮ್ಮೆ ಅವರೇ ಕೂತು ಎಲ್ಲ ಅಂಕೆಗಳನ್ನೂ ಅರದಿಂದ ಉಜ್ಜಿ ಅಳಿಸಿದ್ದರು. ಕೈಯಾರೆ ಮಾಡಿಕೊಂಡ ಕೆಲಸ. ಕೊನೆಗೆ ಅವರ ಕೈಹಿಡಿದದ್ದು ಮಕ್ಕಳ ಹುಬ್ಬು. ದನಿ ದೊಡ್ಡದಾದ ಕೂಡಲೇ ಹುಬ್ಬು ಏರುತ್ತಿತ್ತು, ಮೇಷ್ಟ್ರು "ಹಾಂ, ಅಲ್ಲೇ" ಅನ್ನುತ್ತಿದ್ದರು. ಹೆಂಡತಿಗೂ ಈ ಸುದ್ದಿ ಹೇಳಿರಲಿಲ್ಲ. ಪ್ರಿನ್ಸಿಪಾಲರ ತನಕ ಹೋದರೆ ಲ್ಯಾಬ್ ತಪ್ಪಿಸಿ ಯಾವುದೋ ಮೂಲೆಯ ಕುರ್ಚಿಗೆ ಹಾಕುತ್ತಾರೆ.

ಈ ಹುಡುಗಿ ಬೇರೆ ಕಾಲೇಜಿನಿಂದ ಬಂದು ವಾರವೂ ಆಗಿರಲಿಲ್ಲ. ಕೊಳವೆ ಏರುತ್ತಾ ಹೋಯಿತು, ಅವಳ ಮುಖದಲ್ಲಿ ಮಾತ್ರ ಏನೂ ಇಲ್ಲ. ನಡುವೆ ಒಮ್ಮೆ ಅವಳು ತಲೆಯೆತ್ತಿ ಅವರನ್ನು ನೋಡಿದಾಗ ಮೇಷ್ಟ್ರು "ಮುಂದೆ, ಮುಂದೆ" ಅಂದರು. ಇನ್ನೇನು ಕೊಳವೆ ನೀರು ಬಿಟ್ಟು ಹೊರಗೇ ಬರುತ್ತದೆ ಅನ್ನುವಾಗ ದೇವರ ಮೇಲೆ ಭಾರ ಹಾಕಿದರು.

"ಹಾಂ, ಅಲ್ಲೇ. ರೀಡಿಂಗ್ ತಗೋ."

"ಇಲ್ಲೇನೂ ಕೇಳಿಸ್ತಿಲ್ಲ ಸರ್."

"ಸರಿಯಾಗಿ ಕಿವಿಗೊಟ್ಟು ಕೇಳಮ್ಮ."

ಅವಳು ಕೊಳವೆಯನ್ನು ಅಲ್ಲೇ ಬಿಗಿ ಮಾಡಿ, ಕವೆ ಬಡಿದು ಮತ್ತೆ ಹಿಡಿದಳು. "ಇಲ್ಲ ಸರ್. ದನಿ ಬಂದಿದ್ದು ಆಗಲೇ, ಕೊಳವೆ ಇನ್ನೂ ಕೆಳಗಿದ್ದಾಗ. ನೀವು ಹೂಂ ಅಂತೀರೇನೋ ಅಂತ ನಿಮ್ಮ ಮುಖ ನೋಡ್ದೆ. ನೀವು ಮುಂದೆ ಅಂದ್ರಿ."

ಸುತ್ತಲಿನ ಮೇಜುಗಳಲ್ಲಿ ಕೈಗಳು ನಿಂತುಹೋದವು. ಪಕ್ಕದ ಮೇಜಿನಲ್ಲಿ, ತರಗತಿಯೆಲ್ಲ ಗುಂಡ ಎಂದು ಕರೆಯುವ ಹುಡುಗ ಅವಳತ್ತ ಒಂದೇ ಸಮನೆ ಹುಬ್ಬು ಕುಣಿಸುತ್ತಿದ್ದ. ಅವಳಿಗೆ ತಲೆಬುಡ ತಿಳಿಯಲಿಲ್ಲ. ತಾಳ್ಮೆಗೆಟ್ಟ ಗುಂಡ ದನಿ ಹೊರಡಿಸದೆ ಬರೀ ಬಾಯಾಡಿಸಿ ಹೇಳಿದ. ಮೇಷ್ಟ್ರು ತುಟಿ ಓದುವುದರಲ್ಲಿ ಪಳಗಿದ ಆಸಾಮಿ ಅನ್ನುವುದು ಪಾಪ ಅವನಿಗೆ ಗೊತ್ತಿರಲಿಲ್ಲ.

"ದನಿ ಬಂದಾಗ ಹುಬ್ಬು ಏರಿಸ್ಬೇಕು ಕಣೇ. ಸರ್‌ಗೆ ಕೇಳಿಸಲ್ಲ. ಸೀನಿಯರ್‌ಗಳು ನಮಗೆ ಹೇಳಿಕೊಟ್ಟು ಹೋಗಿದ್ದಾರೆ."

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬೇರಾವ ಕೆಲಸಕ್ಕೂ ಬಾರದ ಕಿವಿ ಇದೊಂದನ್ನು ಚೆನ್ನಾಗಿಯೇ ಮಾಡಿತು.

"ಎಲ್ರಿಗೂ ಗೊತ್ತೇನೋ?"

ಗುಂಡ ತಲೆ ತಗ್ಗಿಸಿದ. "ಗೊತ್ತು ಸರ್."

"ಪ್ರಿನ್ಸಿಪಾಲರಿಗೆ?"

"ಅವ್ರಿಗ್ಯಾಕೆ ಹೇಳ್ತೀವಿ ಸರ್? ನೀವು ಹೋದ್ರೆ ಇನ್ಯಾರು ಬರ್ತಾರೋ. ನೀವಾದ್ರೆ ಏನು ಬೇಕಾದ್ರೂ ಬಿಚ್ಚಿ ನೋಡೋಕೆ ಬಿಡ್ತೀರ."

ತಾವು ಮಕ್ಕಳ ಕಣ್ಣಿಗೆ ಮಣ್ಣೆರಚುತ್ತಿದ್ದೇವೆ ಎಂದು ಮೇಷ್ಟ್ರು ಅಂದುಕೊಂಡಿದ್ದರೆ, ಮಕ್ಕಳು ಸಾಲುಸಾಲಾಗಿ ನಿಂತು ಅವರನ್ನು ಕಾಯುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಂಡು ನೋಡಿದರೆ ಹೊಸ ಹುಡುಗಿ ಎದುರಿಗೇ ನಿಂತಿದ್ದಳು. ಅವಳ ಮುಖದಲ್ಲಿ ಅಯ್ಯೋ ಪಾಪವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಏನೋ ಹೊಳೆದವಳಂತೆ ಅವರ ಕಿವಿಯನ್ನೇ ನೋಡುತ್ತಿದ್ದಳು.

"ಸರ್, ನಿಮಗೆ ದನಿಯೇ ಕೇಳಿಸಲ್ವಾ, ಇಲ್ಲಾ ಗಾಳೀಲಿ ಬಂದ ದನಿ ಮಾತ್ರ ಕೇಳಿಸಲ್ವಾ?"

ಮೇಷ್ಟ್ರು ಕಣ್ಣು ಪಿಳಿಪಿಳಿ ಬಿಟ್ಟರು. ಕಂಡಕಂಡದ್ದಕ್ಕೆಲ್ಲ ಯಾಕೆ ಅನ್ನಿ, ಹೇಗೆ ಅನ್ನಿ ಎಂದು ವರ್ಷವಿಡೀ ಮಕ್ಕಳ ಪ್ರಾಣ ತಿನ್ನುವವರು, ತಮ್ಮ ಕಿವಿಯನ್ನು ಮಾತ್ರ ಬಚ್ಚಿಟ್ಟುಕೊಂಡು ಓಡಾಡಿದ್ದರು. ಅದನ್ನು ಒಂದು ಸಲವೂ ಪರೀಕ್ಷಿಸಿ ನೋಡಿರಲಿಲ್ಲ.

"ಗೊತ್ತಿಲ್ಲ ಕಣಮ್ಮ," ಎಂದರು. ಹೇಳಿದ ಮೇಲೆ ಎದೆ ಇಷ್ಟು ಹಗುರವಾದದ್ದು ಕಂಡು ಅವರಿಗೇ ಸೋಜಿಗವಾಯಿತು.

"ನೋಡೇಬಿಡೋಣ್ವಾ? ಶಬ್ದ ಗಾಳಿಗಿಂತ ಗಟ್ಟಿ ವಸ್ತುವಿನಲ್ಲಿ ಚೆನ್ನಾಗಿ ಸಾಗುತ್ತೆ ಅಂತ ನಿನ್ನೆ ನೀವೇ ಹೇಳಿದ್ರಿ. ಮೂಳೆ ಗಟ್ಟಿ ತಾನೇ?"

ಗುಂಡ ಓಡಿಹೋಗಿ ರಬ್ಬರ್ ದಿಂಬು ತಂದು ಹಿಡಿದ. ಎಲ್ಲರೂ ತಮ್ಮ ತಮ್ಮ ಮೇಜು ಬಿಟ್ಟು ಬಂದು ಮುತ್ತಿಕೊಂಡರು. ಹುಡುಗಿ ಕವೆಯನ್ನು ಬಲವಾಗಿ ಬಡಿದು, ಅದರ ಹಿಡಿಯ ತುದಿಯನ್ನು ಮೇಷ್ಟ್ರ ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದಳು.

"ಕೇಳಿಸಿದ್ರೆ ಹೇಳಿ ಸರ್."

ಮೇಷ್ಟ್ರ ಹುಬ್ಬುಗಳೆರಡೂ ತಾವಾಗಿಯೇ ಹಣೆಯ ಮೇಲಕ್ಕೆ ಏರಿದವು.